ಮದ್ದು, ಅಳತೆ ಮತ್ತು ನರ: ಜ್ವರ-ನೋವಿನ ಔಷಧಿಯೊಂದರ ಚರಿತ್ರೆ

1. ಮದ್ದು ಮತ್ತು ಅಳತೆ

ಕನ್ನಡದ ‘ಮದ್ದು’ ಎಂಬ ಪದಕ್ಕೆ ಎರಡು ಮುಖಗಳಿವೆ. ರೋಗವನ್ನು ಕಳೆಯುವ ವಸ್ತು ಮದ್ದು. ಆಗದವರು ಅನ್ನದಲ್ಲಿ ಗುಟ್ಟಾಗಿ ಬೆರೆಸಿದರೆಂದು ಹೇಳಲಾಗುವ ವಸ್ತುವೂ ಮದ್ದೇ. ‘ಮದ್ದು ಕೊಟ್ಟರು’ ಎಂದರೆ ಉಪಕಾರ, ‘ಮದ್ದು ಹಾಕಿದರು’ ಎಂದರೆ ಅಪಕಾರ. ಒಂದೇ ಪದ ಎರಡೂ ಕಡೆ ಸಲ್ಲುವುದು ಭಾಷೆಯ ಬಡತನದಿಂದಲ್ಲ. ಜೀವವನ್ನು ಉಳಿಸುವ ವಸ್ತುವೇ ಜೀವವನ್ನು ತೆಗೆಯಲೂ ಬಲ್ಲದೆಂಬ ಅನುಭವ ಆ ಪದದಲ್ಲಿ ಉಳಿದುಬಂದಿದೆ. ಎರಡರ ನಡುವಣ ಗೆರೆಯನ್ನು ಎಳೆಯುವುದು ಅಳತೆ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ಇದನ್ನೇ ಸಾರುತ್ತದೆ.

ಜನಪದ ವೈದ್ಯದಲ್ಲಿ ಅಳತೆಗೆ ತನ್ನದೇ ಆದ ಪರಿಭಾಷೆಯಿದೆ. ಚಿಟಿಕೆ, ಹಿಡಿ, ಗುಲಗಂಜಿ ತೂಕ ಇವು ಮದ್ದಿನ ಪ್ರಮಾಣಗಳು. ಪಥ್ಯ ಮತ್ತು ಅನುಪಾನ ಇವು ಮದ್ದಿನ ಕಟ್ಟಳೆಗಳು. ಮನೆಯ ಹಿರಿಯ ಹೆಂಗಸರು ಎಳೆಯ ಮಕ್ಕಳಿಗೆ ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ತೇಯ್ದು ಒಳಲೆಯಲ್ಲಿ ಕುಡಿಸುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯಬೇಕೆಂಬುದಕ್ಕೆ ಲೆಕ್ಕವಿರುತ್ತದೆ. ಮಗು ಬೆಳೆದಂತೆ ಸುತ್ತು ಏರುತ್ತದೆ. ಆ ಬೇರುಕಾಯಿಗಳ ಗುಣದೋಷಗಳ ಚರ್ಚೆ ಬೇರೆ. ಮದ್ದಿನ ಪ್ರಮಾಣ ಮಗುವಿನ ಬೆಳವಣಿಗೆಗೆ ತಕ್ಕಂತಿರಬೇಕೆಂಬ ತಿಳಿವಳಿಕೆ ಆ ಲೆಕ್ಕದಲ್ಲಿ ಇರುವುದನ್ನು ಮಾತ್ರ ಇಲ್ಲಿ ಗಮನಿಸಬೇಕು. ಅಷ್ಟೇ ಮುಖ್ಯವಾದುದು, ಆ ಲೆಕ್ಕ ಮನೆಯವರೆಲ್ಲರ ಕಣ್ಣೆದುರು ನಡೆಯುತ್ತಿತ್ತೆಂಬುದು.

ಆಧುನಿಕ ಆಸ್ಪತ್ರೆಯಲ್ಲಿ ಜ್ವರಕ್ಕೂ ನೋವಿಗೂ ನೇರವಾಗಿ ರಕ್ತನಾಳದ ಮೂಲಕ ಕೊಡಲಾಗುವ ಪ್ಯಾರಾಸಿಟಮಾಲ್ ಔಷಧಿಯ ಚರಿತ್ರೆಯನ್ನು ಈ ಅಳತೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜನರ ಮಾತಿನಲ್ಲಿ ಇದು ‘ನರಕ್ಕೆ ಕೊಡುವ ಮದ್ದು’. ವೈದ್ಯಶಾಸ್ತ್ರದಲ್ಲಿ ನರವೆಂದರೆ ಸಂವೇದನೆಯ ತಂತು. ಆದರೆ ಹಳ್ಳಿಯ ಆಡುಮಾತಿನಲ್ಲಿ ಕೈಮೇಲೆ ನೀಲಿಯಾಗಿ ಕಾಣುವ ಅಭಿಧಮನಿಯೇ ನರ. ಲೇಖನದ ಶೀರ್ಷಿಕೆಯಲ್ಲಿ ಆ ಪದ ಇದೇ ಅರ್ಥದಲ್ಲಿದೆ.

2. ತಪ್ಪಿನಿಂದ ಹುಟ್ಟಿದ ಔಷಧಿ

ಹತ್ತೊಂಬತ್ತನೆಯ ಶತಮಾನದವರೆಗೆ ಜ್ವರ ಇಳಿಸುವ ಮದ್ದುಗಳು ಲೋಕದಾದ್ಯಂತ ಬಹುಮಟ್ಟಿಗೆ ಸಸ್ಯಮೂಲದವೇ ಆಗಿದ್ದವು. ಕನ್ನಡನಾಡಿನಲ್ಲಿ ನೆಲಬೇವು, ಅಮೃತಬಳ್ಳಿ, ಮೆಣಸಿನ ಕಷಾಯಗಳು ಬಳಕೆಯಲ್ಲಿದ್ದಂತೆ ದಕ್ಷಿಣ ಅಮೆರಿಕದಲ್ಲಿ ಸಿಂಕೋನಾ ತೊಗಟೆ, ಯುರೋಪಿನಲ್ಲಿ ವಿಲ್ಲೋ ಮರದ ತೊಗಟೆ ಬಳಕೆಯಲ್ಲಿದ್ದವು. ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ವಿಲ್ಲೋ ತೊಗಟೆಯ ಪುಡಿಯಿಂದ ಜ್ವರ ಇಳಿಯುವುದನ್ನು ಕುರಿತು 1763ರಲ್ಲಿ ರಾಯಲ್ ಸೊಸೈಟಿಗೆ ವರದಿ ಸಲ್ಲಿಸಿದನು. ಜಾನಪದ ಜ್ಞಾನ ಪ್ರಯೋಗಶಾಲೆಯ ಬಾಗಿಲಿಗೆ ಬಂದ ಪ್ರಸಂಗಗಳಲ್ಲಿ ಇದು ಪ್ರಸಿದ್ಧವಾದುದು. ಆಸ್ಪಿರಿನ್‌ನ ವಂಶಾವಳಿ ಇಲ್ಲಿಂದ ಆರಂಭವಾಗುತ್ತದೆ.

ಪ್ಯಾರಾಸಿಟಮಾಲ್‌ನ ವಂಶಾವಳಿ ಬೇರೆ. ಅದರ ಹಿಂದೆ ಯಾವ ಅಜ್ಜಿಯ ಕಷಾಯವೂ ಇಲ್ಲ. ಇರುವುದು ಔಷಧಿ ಅಂಗಡಿಯ ಒಂದು ತಪ್ಪು. 1886ರಲ್ಲಿ ಸ್ಟ್ರಾಸ್‌ಬರ್ಗಿನ ತರುಣ ವೈದ್ಯರಾದ ಆರ್ನಾಲ್ಡ್ ಕಾನ್ ಮತ್ತು ಪಾಲ್ ಹೆಪ್ ಇವರು ಕರುಳಿನ ಹುಳುಗಳ ಚಿಕಿತ್ಸೆಗೆಂದು ನ್ಯಾಫ್ತಲೀನನ್ನು ತರಿಸಿದರು. ಅಂಗಡಿಯಿಂದ ತಪ್ಪಾಗಿ ಅಸಿಟಾನಿಲೈಡ್ ಎಂಬ ಬೇರೊಂದು ರಾಸಾಯನಿಕ ಬಂದಿತು. ಹುಳುವಿನ ಮೇಲೆ ಪರಿಣಾಮವಾಗಲಿಲ್ಲ, ರೋಗಿಯ ಜ್ವರ ಮಾತ್ರ ಇಳಿಯಿತು. ಈ ವಸ್ತು ‘ಆಂಟಿಫೆಬ್ರಿನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಆದರೆ ಅದನ್ನು ಸೇವಿಸಿದವರಲ್ಲಿ ಕೆಲವರ ತುಟಿ, ಉಗುರುಗಳು ನೀಲಿಗಟ್ಟತೊಡಗಿದವು. ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದುದು ಇದಕ್ಕೆ ಕಾರಣ. 1887ರಲ್ಲಿ ಇದರ ಬಂಧುವಾದ ಫಿನಾಸಿಟಿನ್ ಬಳಕೆಗೆ ಬಂದಿತು. ದೀರ್ಘಕಾಲ ಬಳಸಿದವರ ಮೂತ್ರಪಿಂಡಗಳಿಗೆ ಅದು ಹಾನಿ ಮಾಡುವುದು ಮುಂದೆ ತಿಳಿದುಬಂದು, 1983ರಲ್ಲಿ ಅಮೆರಿಕ ಅದನ್ನು ಹಿಂದೆಗೆಯಿತು.

ಪ್ಯಾರಾಸಿಟಮಾಲನ್ನು 1878ರಷ್ಟು ಹಿಂದೆಯೇ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಹಾರ್ಮನ್ ನಾರ್ತ್‌ರಪ್ ಮೋರ್ಸ್ ತಯಾರಿಸಿದ್ದನು. 1893ರಲ್ಲಿ ಜರ್ಮನಿಯ ಜೋಸೆಫ್ ಫಾನ್ ಮೇರಿಂಗ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿ, ಇದು ಕೂಡ ರಕ್ತವನ್ನು ನೀಲಿಗಟ್ಟಿಸುತ್ತದೆಂದು ವರದಿ ಮಾಡಿದನು. ಆ ಮಾತನ್ನು ಅರ್ಧ ಶತಮಾನ ಯಾರೂ ಮರುಪರೀಕ್ಷಿಸಲಿಲ್ಲ. 1948ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ ಇವರು ಅಸಿಟಾನಿಲೈಡ್ ದೇಹದಲ್ಲಿ ಪ್ಯಾರಾಸಿಟಮಾಲ್ ಆಗಿ ಮಾರ್ಪಟ್ಟು ನೋವನ್ನು ಕಳೆಯುತ್ತದೆಂದೂ, ವಿಷಗುಣ ಬೇರೊಂದು ಅಂಶದಿಂದ ಬರುತ್ತದೆಂದೂ ತೋರಿಸಿಕೊಟ್ಟರು. 1955ರಲ್ಲಿ ಅಮೆರಿಕದಲ್ಲಿ ಟೈಲೆನಾಲ್ ಎಂಬ ಹೆಸರಿನಿಂದ, 1956ರಲ್ಲಿ ಬ್ರಿಟನ್ನಿನಲ್ಲಿ ಪ್ಯಾನಡಾಲ್ ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬಂದಿತು. ಕನ್ನಡದ ಮನೆಗಳಲ್ಲಿ ಕ್ರೋಸಿನ್ ಎಂದೂ, 2020-21ರ ಕೊರೋನಾ ಕಾಲದಿಂದೀಚೆಗೆ ಡೋಲೋ ಎಂದೂ ಬಾಯಲ್ಲಿ ನಲಿಯುವ ಗುಳಿಗೆ ಇದೇ.

3. ಯಕೃತ್ತಿನ ಸಾಕ್ಷ್ಯ

‘ಪಾಪದ ಗುಳಿಗೆ’ ಎಂಬ ಹೆಸರು ಪಡೆದ ಈ ಔಷಧಿಯ ಇನ್ನೊಂದು ಮುಖ 1966ರಲ್ಲಿ ಬೆಳಕಿಗೆ ಬಂದಿತು. ಅತಿಪ್ರಮಾಣದ ಪ್ಯಾರಾಸಿಟಮಾಲ್ ಸೇವಿಸಿದವರ ಯಕೃತ್ತು, ಅಂದರೆ ಪಿತ್ತಜನಕಾಂಗ, ನಾಶವಾದುದನ್ನು ಸ್ಕಾಟ್‌ಲೆಂಡಿನ ವೈದ್ಯರು ಆ ವರ್ಷ ಪ್ರಕಟಿಸಿದರು. ಇದರ ಕಾರಣ 1970ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರಿಂದ ಸ್ಪಷ್ಟವಾಯಿತು. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಔಷಧಿಯ ಹೆಚ್ಚಿನ ಭಾಗ ನಿರಪಾಯವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಅಲ್ಪಭಾಗ ಮಾತ್ರ ಯಕೃತ್ತಿನಲ್ಲಿ ವಿಷವಸ್ತುವಾಗಿ ಮಾರ್ಪಡುತ್ತದೆ. ದೇಹದಲ್ಲಿರುವ ಗ್ಲುಟಥಯೋನ್ ಎಂಬ ರಕ್ಷಕ ವಸ್ತು ಅದನ್ನು ಆಗಿಂದಾಗಲೇ ಕಟ್ಟಿಹಾಕುತ್ತದೆ. ಪ್ರಮಾಣ ಮೀರಿದಾಗ ಈ ರಕ್ಷಕದ ಸಂಗ್ರಹ ಬರಿದಾಗಿ, ವಿಷ ಯಕೃತ್ತಿನ ಜೀವಕೋಶಗಳ ಮೇಲೆ ತಿರುಗುತ್ತದೆ.

ಇಲ್ಲಿ ಎರಡು ಸಂಗತಿಗಳು ಜನಜೀವನಕ್ಕೆ ನೇರವಾಗಿ ಸಂಬಂಧಪಡುತ್ತವೆ. ಮೊದಲನೆಯದು, ಈ ವಿಷ ತಡವಾಗಿ ಮುಖ ತೋರಿಸುತ್ತದೆ. ಮೊದಲ ದಿನ ರೋಗಿ ಬಹುಮಟ್ಟಿಗೆ ಚೆನ್ನಾಗಿಯೇ ಇರಬಹುದು. ಯಕೃತ್ತಿನ ಹಾನಿ ಎರಡು ಮೂರು ದಿನಗಳಲ್ಲಿ ಹೊರಬೀಳುತ್ತದೆ. ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷದ ಚಿಕಿತ್ಸೆಯನ್ನು ರೂಪಿಸಿದರು. ಅತಿಪ್ರಮಾಣ ದೇಹಕ್ಕೆ ಸೇರಿದ ಎಂಟು ಗಂಟೆಗಳೊಳಗೆ ಅದನ್ನು ಆರಂಭಿಸಿದರೆ ಹೆಚ್ಚಿನ ಫಲ. ಎರಡನೆಯದು ಉಪವಾಸಕ್ಕೆ ಸಂಬಂಧಿಸಿದ್ದು. ‘ಲಂಘನಂ ಪರಮೌಷಧಂ’ ಎಂಬ ಮಾತನ್ನು ಹಿಡಿದು ಜ್ವರದವರಿಗೆ ಅನ್ನ ನಿಲ್ಲಿಸುವ ರೂಢಿ ನಮ್ಮಲ್ಲಿ ಹಳೆಯದು. ದಿನಗಟ್ಟಲೆ ಉಣ್ಣದವರಲ್ಲಿ, ಅಪೌಷ್ಟಿಕತೆಯಿಂದ ಬಳಲುವವರಲ್ಲಿ, ವಿಪರೀತ ಮದ್ಯಪಾನ ಮಾಡುವವರಲ್ಲಿ ಗ್ಲುಟಥಯೋನ್ ಸಂಗ್ರಹ ಕಡಿಮೆಯಿರುತ್ತದೆ. ಅಂಥವರಿಗೆ ಈ ಔಷಧಿ ಕೊಡುವಾಗ ವೈದ್ಯರು ಪ್ರಮಾಣವನ್ನು ಇಳಿಸಬೇಕಾಗಬಹುದು. ಆದಕಾರಣ ರೋಗಿ ಎಷ್ಟು ದಿನದಿಂದ ಊಟ ಬಿಟ್ಟಿದ್ದಾನೆಂಬುದನ್ನು ಮನೆಯವರು ವೈದ್ಯರಿಗೆ ತಿಳಿಸುವುದು ಚಿಕಿತ್ಸೆಯ ಒಂದು ಭಾಗವೇ ಆಗುತ್ತದೆ.

4. ನರದ ದಾರಿ

ರಕ್ತನಾಳದ ಮೂಲಕ ದ್ರವವನ್ನು ಕೊಡುವ ಕಲ್ಪನೆ ಪ್ಯಾರಾಸಿಟಮಾಲ್‌ಗಿಂತ ಹಳೆಯದು. 1832ರ ಕಾಲರಾ ಹಾವಳಿಯಲ್ಲಿ ಸ್ಕಾಟ್‌ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಟ್ಟಾ ಸಾಯುವ ಸ್ಥಿತಿಯಲ್ಲಿದ್ದವರ ಅಭಿಧಮನಿಗೆ ಉಪ್ಪುನೀರನ್ನು ಹರಿಸಿ ಕೆಲವರನ್ನು ಬದುಕಿಸಿದನು. 1853ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಪ್ರವಾಜ್ ಮತ್ತು ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಬೇರೆ ಬೇರೆಯಾಗಿ ಸೂಜಿ-ಪಿಚಕಾರಿಗಳನ್ನು ರೂಢಿಗೆ ತಂದರು.

ಆದರೆ ಪ್ಯಾರಾಸಿಟಮಾಲ್ ಈ ದಾರಿಗೆ ಸುಲಭವಾಗಿ ಒಗ್ಗಲಿಲ್ಲ. ಅದು ನೀರಿನಲ್ಲಿ ಚೆನ್ನಾಗಿ ಕರಗದು. ಕರಗಿದರೂ ದ್ರಾವಣ ಬೇಗ ಕೆಡುತ್ತದೆ. ಹೀಗಾಗಿ 1985ರಲ್ಲಿ ಫ್ರಾನ್ಸಿನಲ್ಲಿ ಪ್ರೊಪಾಸಿಟಮಾಲ್ ಎಂಬ ಪುಡಿಯನ್ನು ಬಳಕೆಗೆ ತರಲಾಯಿತು. ನೀರಿನಲ್ಲಿ ಕರಗುವ ಈ ಪುಡಿ ರಕ್ತವನ್ನು ಸೇರಿದ ಮೇಲೆ ಪ್ಯಾರಾಸಿಟಮಾಲ್ ಆಗುತ್ತಿತ್ತು. ಅದರ 2 ಗ್ರಾಂ ಎಂದರೆ ಪ್ಯಾರಾಸಿಟಮಾಲ್‌ನ 1 ಗ್ರಾಂ. ಚುಚ್ಚಿದ ಕಡೆ ಅದು ಉರಿಯುತ್ತಿತ್ತು, ಪುಡಿಯನ್ನು ಕಲಸುವ ದಾದಿಯರ ಕೈಗಳಿಗೆ ಚರ್ಮರೋಗ ತರುತ್ತಿತ್ತು. ದ್ರಾವಣದಿಂದ ಆಮ್ಲಜನಕವನ್ನು ತೆಗೆದು, ಕೆಡದಂತೆ ಕಾಪಾಡುವ ವಸ್ತುಗಳನ್ನು ಸೇರಿಸುವ ವಿಧಾನ ಸಿದ್ಧಿಸಿದ ಮೇಲೆ, 2000ದ ದಶಕದ ಆರಂಭದಲ್ಲಿ ನೇರವಾಗಿ ಬಳಸಬಹುದಾದ ದ್ರಾವಣ ಯುರೋಪಿನಲ್ಲಿ ಬಂದಿತು. ಅಮೆರಿಕ ಅದಕ್ಕೆ ಒಪ್ಪಿಗೆಯಿತ್ತುದು 2010ರ ನವೆಂಬರಿನಲ್ಲಿ. ಸಾಮಾನ್ಯವಾಗಿ 100 ಮಿಲಿಲೀಟರ್ ಬಾಟಲಿಯಲ್ಲಿ 1 ಗ್ರಾಂ, ಅಂದರೆ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ.

ಈ ದ್ರಾವಣದಿಂದ ಆದ ಉಪಕಾರ ದೊಡ್ಡದು. ಶಸ್ತ್ರಚಿಕಿತ್ಸೆಯಾದವರು, ವಾಂತಿಯಿಂದ ಗುಳಿಗೆ ನುಂಗಲಾರದವರು, ಪ್ರಜ್ಞೆಯಿಲ್ಲದವರು ಇವರಿಗೆಲ್ಲ ನೋವು ಕಳೆಯುವ ದಾರಿಯೊಂದು ತೆರೆಯಿತು. ಕೊಟ್ಟ ಐದು ಹತ್ತು ನಿಮಿಷಗಳಲ್ಲಿ ನೋವು ತಗ್ಗತೊಡಗುತ್ತದೆ, ಅರ್ಧ ಗಂಟೆಯೊಳಗೆ ಜ್ವರ ಇಳಿಯತೊಡಗುತ್ತದೆ. ಅಫೀಮು ಮೂಲದ ನೋವುನಿವಾರಕಗಳ ಅಗತ್ಯವೂ ಎಷ್ಟೋ ಕಡೆ ಕಡಿಮೆಯಾಯಿತು.

5. ಹತ್ತು ಪಟ್ಟಿನ ತಪ್ಪು

ಔಷಧಿ ಗುಳಿಗೆಯ ರೂಪ ಬಿಟ್ಟು ದ್ರವವಾದಾಗ ಅಳತೆಯೂ ಎರಡಾಯಿತು. ವೈದ್ಯರು ಔಷಧಿಯನ್ನು ಮಿಲಿಗ್ರಾಂಗಳಲ್ಲಿ ಎಣಿಸುತ್ತಾರೆ. ಕೊಡುವವರ ಕೈಯಲ್ಲಿರುವ ಪಿಚಕಾರಿ ಮಿಲಿಲೀಟರ್‌ಗಳಲ್ಲಿ ಅಳೆಯುತ್ತದೆ. ಎರಡೂ ಪದಗಳು ‘ಮಿಲಿ’ ಎಂದೇ ಆರಂಭವಾಗುತ್ತವೆ. ಅವಸರದ ಮಾತಿನಲ್ಲಿ, ಗೀಚಿದ ಬರಹದಲ್ಲಿ ಒಂದು ಇನ್ನೊಂದಾಗುವುದು ಕಷ್ಟವಲ್ಲ.

ಉದಾಹರಣೆಗೆ ಐದು ಕಿಲೋ ತೂಕದ ಕೂಸನ್ನು ತೆಗೆದುಕೊಳ್ಳಬಹುದು. ಯುರೋಪಿನ ಸೂಚನೆಯಂತೆ ಹತ್ತು ಕಿಲೋವರೆಗಿನ ಮಕ್ಕಳಿಗೆ ಒಂದು ಸಲಕ್ಕೆ ಕಿಲೋ ಒಂದಕ್ಕೆ 7.5 ಮಿಲಿಗ್ರಾಂ. ಐದು ಕಿಲೋಗೆ ಇದು 37.5 ಮಿಲಿಗ್ರಾಂ ಆಗುತ್ತದೆ. ದ್ರಾವಣದಲ್ಲಿ ಇದರ ಅಳತೆ 3.75 ಮಿಲಿಲೀಟರ್, ಎಂದರೆ ಒಂದು ಚಮಚೆಗೂ ಕಡಿಮೆ. ‘ಮೂವತ್ತೇಳೂವರೆ’ ಎಂಬ ಸಂಖ್ಯೆಯನ್ನು ಮಿಲಿಲೀಟರ್ ಎಂದು ತಿಳಿದು ಕೊಟ್ಟರೆ ಕೂಸಿನ ದೇಹಕ್ಕೆ 375 ಮಿಲಿಗ್ರಾಂ, ಅಂದರೆ ಹತ್ತು ಪಟ್ಟು ಔಷಧಿ ಸೇರುತ್ತದೆ. ಬಾಟಲಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ದ್ರವ ಉಳಿದಿರುವುದರಿಂದ ತಪ್ಪು ಕಣ್ಣಿಗೂ ಬೀಳುವುದಿಲ್ಲ. ಇದು ಬರಿಯ ಊಹೆಯಲ್ಲ. ಇದೇ ಬಗೆಯ ಅವಘಡಗಳನ್ನು ಗಮನಿಸಿ ಬ್ರಿಟನ್ನಿನ ಔಷಧಿ ನಿಯಂತ್ರಣ ಸಂಸ್ಥೆ 2010ರಲ್ಲಿ ಎಳೆಯ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆಯನ್ನು ಹೊರಡಿಸಿತು.

ಅಪಾಯ ಮಕ್ಕಳಿಗೆ ಮಾತ್ರವಲ್ಲ. ‘ದೊಡ್ಡವರಿಗೆ ಒಂದು ಬಾಟಲಿ’ ಎಂಬ ಲೆಕ್ಕ 50 ಕಿಲೋ ಮೀರಿದವರಿಗೆ ಹೊಂದುತ್ತದೆ. ನಮ್ಮ ನಾಡಿನ ಬಡ ಹೆಂಗಸರಲ್ಲಿ, ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆ ತೂಕದವರು ಅಪರೂಪವಲ್ಲ. ನಲವತ್ತು ಕಿಲೋ ತೂಕದ ತಾಯಿಗೆ ಒಂದು ಸಲಕ್ಕೆ 600 ಮಿಲಿಗ್ರಾಂ, ಎಂದರೆ ಬಾಟಲಿಯ ಐದರಲ್ಲಿ ಮೂರು ಪಾಲು ಸಾಕು. ಇಡೀ ಬಾಟಲಿಯನ್ನು ದಿನಕ್ಕೆ ನಾಲ್ಕು ಸಲ ಏರಿಸಿದರೆ ಮಿತಿ ಮೀರುತ್ತದೆ.

6. ಸೂಜಿಯ ನಂಬಿಕೆ

ಈ ಔಷಧಿ ಕರ್ನಾಟಕದ ಹಳ್ಳಿಪಟ್ಟಣಗಳಿಗೆ ಬರುವ ವೇಳೆಗೆ ಇಲ್ಲಿ ಸೂಜಿಯ ನಂಬಿಕೆಯೊಂದು ಗಟ್ಟಿಯಾಗಿ ಬೇರೂರಿತ್ತು. ಗುಳಿಗೆ ಬರೆದುಕೊಟ್ಟು ಕಳಿಸುವ ಡಾಕ್ಟರಿಗಿಂತ ಸೂಜಿ ಚುಚ್ಚುವ ಡಾಕ್ಟರ ಕೈಗುಣ ಚೆನ್ನಾಗಿದೆಯೆಂಬುದು ಬಹುಜನರ ಎಣಿಕೆ. ಸುಸ್ತಾದವರು ‘ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ’ ಎಂದು ತಾವಾಗಿಯೇ ಕೇಳುವುದುಂಟು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ದಕ್ಷಿಣ ಕನ್ನಡದಲ್ಲಿ ನಡೆಸಿದ ಕ್ಷೇತ್ರಕಾರ್ಯದ ಆಧಾರದ ಮೇಲೆ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ದಿನ ರೂಪ, ಬಣ್ಣ, ರುಚಿಗಳಿಂದ ಜನ ಅದರ ಶಕ್ತಿಯನ್ನು ಅಳೆಯುವ ಬಗೆಯನ್ನು ವಿವೇಚಿಸಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ ಬಾಯಿಯ ಮದ್ದಿಗಿಂತ ಸೊಂಟದ ಸೂಜಿ, ಅದಕ್ಕಿಂತ ನರದ ಸೂಜಿ ಹೆಚ್ಚು ಬಲಶಾಲಿಯೆಂಬ ಶ್ರೇಣಿ ಜನಮನದಲ್ಲಿ ಮೂಡಿದುದು ಸಹಜವಾಗಿದೆ.

ಈ ನಂಬಿಕೆಗೆ ತಕ್ಕ ಬೆಲೆಯನ್ನೂ ತೆರಬೇಕಾಗಿದೆ. 2000ದ ದಶಕದ ಮೊದಲ ಭಾಗದಲ್ಲಿ ನಡೆದ ಅಖಿಲ ಭಾರತ ಮಟ್ಟದ ಅಧ್ಯಯನವೊಂದು ದೇಶದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್‌ಗಳನ್ನು ಕೊಡಲಾಗುತ್ತದೆಂದೂ ಅವುಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಸುರಕ್ಷಿತವಲ್ಲವೆಂದೂ ಅಂದಾಜು ಮಾಡಿತು. ಡೆಂಗೆ ಜ್ವರದಲ್ಲಿ ಸೊಂಟಕ್ಕೆ ಕೊಡುವ ಸೂಜಿಯೇ ಅಪಾಯಕಾರಿ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿದಿರುವಾಗ ಸ್ನಾಯುವಿನೊಳಗೆ ರಕ್ತಸ್ರಾವವಾಗಬಹುದು. ಆ ಜ್ವರಕ್ಕೆ ಪ್ಯಾರಾಸಿಟಮಾಲ್ ಯೋಗ್ಯವಾದ ಮದ್ದೇ ಹೌದು, ಆಸ್ಪಿರಿನ್ ಅಲ್ಲ. ಆದರೆ ನುಂಗಬಲ್ಲವರಿಗೆ ಗುಳಿಗೆಯೇ ಸಾಕು.

ವಾಸ್ತವದಲ್ಲಿ ನರಕ್ಕೆ ಕೊಟ್ಟ ಪ್ಯಾರಾಸಿಟಮಾಲ್ ಬೇರೆಯ ಮದ್ದಲ್ಲ. ಗುಳಿಗೆಯಲ್ಲಿರುವುದೇ ಬಾಟಲಿಯಲ್ಲಿಯೂ ಇರುವುದು. ಅದು ಬೇಗ ಮುಟ್ಟುತ್ತದೆ, ಅಷ್ಟೇ. ನುಂಗಬಲ್ಲ ರೋಗಿಗೆ ಅದರಿಂದ ಹೆಚ್ಚಿನ ಪ್ರಯೋಜನವಿದೆಯೆಂದು ಹೇಳುವಂತಿಲ್ಲ. ಬಾಯಿಯ ದಾರಿ ಸಾಧ್ಯವಾದೊಡನೆ ಅದಕ್ಕೇ ಮರಳಬೇಕೆಂಬುದು ವೈದ್ಯಲೋಕದ ನಿಯಮ.

7. ಸುರಕ್ಷಿತ ಬಳಕೆಯ ಕಟ್ಟಳೆಗಳು

ಮೇಲಿನ ಚರಿತ್ರೆಯಿಂದ ರೂಪುಗೊಂಡ ಕಟ್ಟಳೆಗಳನ್ನು ಹೀಗೆ ಸಂಗ್ರಹಿಸಬಹುದು. ಇವು ವೈದ್ಯರ ನಿರ್ಧಾರಕ್ಕೆ ಬದಲಿಯಲ್ಲ. ರೋಗಿಯ ಬಳಿ ಕುಳಿತವರ ತಿಳಿವಳಿಕೆಗೆ ಆಧಾರ.

ಮೊದಲನೆಯದು ತೂಕ. ಔಷಧಿ ಕೊಡುವ ಮುನ್ನ ರೋಗಿಯನ್ನು ತೂಗಬೇಕು, ವಯಸ್ಸನ್ನು ನೋಡಿ ಊಹಿಸಬಾರದು. ಹತ್ತು ಕಿಲೋ ಮೀರಿ 50 ಕಿಲೋವರೆಗೆ ಒಂದು ಸಲಕ್ಕೆ ಕಿಲೋ ಒಂದಕ್ಕೆ 15 ಮಿಲಿಗ್ರಾಂ, ದಿನಕ್ಕೆ ಕಿಲೋ ಒಂದಕ್ಕೆ 60 ಮಿಲಿಗ್ರಾಂ ಮೀರಬಾರದು. ಹತ್ತು ಕಿಲೋವರೆಗಿನವರಿಗೆ ದಿನದ ಮಿತಿ ಕಿಲೋ ಒಂದಕ್ಕೆ 30 ಮಿಲಿಗ್ರಾಂ. ಐವತ್ತು ಕಿಲೋ ಮೀರಿದವರಿಗೆ ಒಂದು ಸಲಕ್ಕೆ 1 ಗ್ರಾಂ, ದಿನಕ್ಕೆ ಹೆಚ್ಚೆಂದರೆ 4 ಗ್ರಾಂ. ಯಕೃತ್ತಿನ ತೊಂದರೆಯ ಸಂಭವವಿರುವವರಿಗೆ 3 ಗ್ರಾಂ.

ಎರಡನೆಯದು ಹೊತ್ತು. ದ್ರಾವಣವನ್ನು ಹದಿನೈದು ನಿಮಿಷಗಳಲ್ಲಿ ನಿಧಾನವಾಗಿ ಹರಿಸಬೇಕು. ಎರಡು ಸರದಿಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ಮೂತ್ರಪಿಂಡ ತೀವ್ರವಾಗಿ ಸೋತವರಲ್ಲಿ ಆರು ಗಂಟೆಯ ಅಂತರ ಬೇಕು.

ಮೂರನೆಯದು ಒಟ್ಟು ಲೆಕ್ಕ. ನೆಗಡಿ, ಮೈಕೈನೋವಿನ ಅನೇಕ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಬೇರೆ ಮದ್ದುಗಳ ಜೊತೆ ಅಡಗಿರುತ್ತದೆ. ಇಂಥ ಮಿಶ್ರಣಗಳಲ್ಲಿ ಅದು 325 ಮಿಲಿಗ್ರಾಂ ಮೀರಬಾರದೆಂದು ಭಾರತ ಸರ್ಕಾರ 2011ರಲ್ಲಿ ಮಿತಿ ವಿಧಿಸಿತು. ಬೆಳಿಗ್ಗೆ ಮನೆಯಲ್ಲಿ ನುಂಗಿದ್ದು, ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಚುಚ್ಚಿಸಿಕೊಂಡದ್ದು, ಸಂಜೆ ಆಸ್ಪತ್ರೆಯಲ್ಲಿ ಏರಿಸಿದ್ದು ಇವೆಲ್ಲ ಒಂದೇ ಲೆಕ್ಕಕ್ಕೆ ಸೇರುತ್ತವೆ.

ನಾಲ್ಕನೆಯದು ಬಾಟಲಿಯ ಮೇಲಣ ಬರಹ. ಸ್ನಾಯುವಿಗೆ ಕೊಡಲು ತಯಾರಾದ ಚಿಕ್ಕ ಕುಪ್ಪಿಗಳಲ್ಲಿ ಪ್ರತಿ ಮಿಲಿಲೀಟರಿಗೆ 150 ಮಿಲಿಗ್ರಾಂ ಇರುವುದು ಭಾರತದಲ್ಲಿ ಸಾಮಾನ್ಯ. ಇದು ಬಾಟಲಿಯ ದ್ರಾವಣಕ್ಕಿಂತ ಹದಿನೈದು ಪಟ್ಟು ಗಾಢ. ಯಾವುದು ಯಾವ ದಾರಿಗೆ ಎಂಬುದನ್ನು ಓದಿಯೇ ಬಳಸಬೇಕು. ಚಿಕ್ಕ ಮಕ್ಕಳಿಗೆ ದೊಡ್ಡ ಬಾಟಲಿಯನ್ನು ನೇರವಾಗಿ ತೂಗುಹಾಕದೆ, ಬೇಕಾದಷ್ಟನ್ನು ಪಿಚಕಾರಿಗೆ ತೆಗೆದುಕೊಳ್ಳಬೇಕು. ಚೀಟಿಯಲ್ಲಿ ಮಿಲಿಗ್ರಾಂ, ಮಿಲಿಲೀಟರ್ ಎರಡನ್ನೂ ಬರೆದು ಇಬ್ಬರು ಓದಿ ನೋಡುವುದು ಕ್ಷೇಮ. ಗಾಜಿನ ಬಾಟಲಿ ಬರಿದಾಗುವ ಹೊತ್ತಿನಲ್ಲಿ ಗಾಳಿ ನಾಳವನ್ನು ಸೇರದಂತೆ ಕಾವಲಿರಬೇಕು.

ಐದನೆಯದು, ತಪ್ಪಾದರೆ ಮುಚ್ಚಿಡದಿರುವುದು. ರೋಗಿ ಚೆನ್ನಾಗಿ ಕಾಣುತ್ತಿದ್ದಾನೆಂದು ಕಾದು ಕುಳಿತರೆ ಪ್ರತಿವಿಷದ ಎಂಟು ಗಂಟೆಗಳು ಕಳೆದುಹೋಗುತ್ತವೆ.

8. ಉಪಸಂಹಾರ

ಮನೆಯ ಮದ್ದಿನಿಂದ ಆಸ್ಪತ್ರೆಯ ಬಾಟಲಿಯವರೆಗಿನ ಈ ಪಯಣದಲ್ಲಿ ಜ್ಞಾನ ಬೆಳೆದಿದೆ, ನೋವು ಕಡಿಮೆಯಾಗಿದೆ. ಇದರಲ್ಲಿ ಸಂಶಯವಿಲ್ಲ. ಆದರೆ ಇದರ ನಡುವೆ ಅಳತೆಯೆಂಬುದು ಮನೆಯವರ ಕಣ್ಣಿನಿಂದ ಮರೆಯಾಯಿತು. ತೇಯುವ ಕಲ್ಲಿನ ಮುಂದೆ ಕುಳಿತ ಅಜ್ಜಿಯನ್ನು ‘ಎಷ್ಟು ಸುತ್ತು?’ ಎಂದು ಕೇಳುತ್ತಿದ್ದ ಬಾಣಂತಿ, ತೂಗುಬಿಟ್ಟ ಬಾಟಲಿಯ ಮುಂದೆ ‘ಎಷ್ಟು?’ ಎಂದು ಕೇಳಲು ಅಂಜುತ್ತಾಳೆ. ಪಾರದರ್ಶಕವಾದ ಬಾಟಲಿಯಲ್ಲಿ ದ್ರವ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ.

ಜಾನಪದ ವೈದ್ಯವನ್ನು ವೈಭವೀಕರಿಸುವುದಾಗಲಿ, ಆಧುನಿಕ ವೈದ್ಯವನ್ನು ಅನುಮಾನದಿಂದ ನೋಡುವುದಾಗಲಿ ಇಲ್ಲಿ ಅಗತ್ಯವಿಲ್ಲ. ಎರಡಕ್ಕೂ ಸಮಾನವಾದ ಮೌಲ್ಯ ಅಳತೆ. ‘ಸಿಸ್ಟರ್, ಮಗುವಿನ ತೂಕ ಇಷ್ಟು, ಬೆಳಿಗ್ಗೆ ಇಷ್ಟು ಹೊತ್ತಿಗೆ ಗುಳಿಗೆ ಕೊಟ್ಟಿದ್ದೇವೆ, ಈಗ ಎಷ್ಟು ಕೊಡುತ್ತೀರಿ?’ ಎಂದು ತಾಯಿಯೊಬ್ಬಳು ಕೇಳುವುದು ಅವಿಶ್ವಾಸವಲ್ಲ. ತಲೆಮಾರುಗಳಿಂದ ಅವಳ ಮನೆಯಲ್ಲಿ ನಡೆದುಬಂದ ಎಚ್ಚರವನ್ನೇ ಅವಳು ಆಸ್ಪತ್ರೆಗೂ ತಂದಂತಾಗುತ್ತದೆ. ಆ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಹೇಳುವ ರೂಢಿ ಆಸ್ಪತ್ರೆಗಳಲ್ಲಿ ಬೆಳೆದರೆ, ಹತ್ತು ಪಟ್ಟಿನ ತಪ್ಪು ಸೂಜಿಯನ್ನು ಮುಟ್ಟುವ ಮೊದಲೇ ತಿದ್ದಿಹೋಗುವ ಸಾಧ್ಯತೆಯಿದೆ.